ಚರ್ಚಿನ ಯೂತ್ ಗುಂಪಿನ ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದಾರೆ, ಏನು ಮಾಡಲಿ?

ಮಂಗಳೂರಿನ ಚರ್ಚಿನಲ್ಲಿ ಯೂತ್ ವಹಿಸಿಕೊಂಡಿದ್ದೀರಿ. ಶುರುವಿನಲ್ಲಿ 18 ಮಕ್ಕಳಿದ್ದರು, ಈಗ 5. ಗಿಟಾರ್, ಗೇಮ್ಸ್ ಎಲ್ಲ ಆಯಿತು, ಇನ್ನೇನು ಮಾಡಲಿ ಅಂತ ಕೇಳಿದ್ದೀರಿ. ನಾನು ಉಡುಪಿ ಕಡೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಬೇಸರ ನನಗೆ ಚೆನ್ನಾಗಿ ಗೊತ್ತು.

ಮೊದಲು ಆ ಐದು ಜನರನ್ನು ನೋಡಿ. ಮಾರ್ಕನ ಸುವಾರ್ತೆ 3ನೇ ಅಧ್ಯಾಯ 14ನೇ ವಚನದಲ್ಲಿ ಯೇಸು ಹನ್ನೆರಡು ಜನರನ್ನು ಆರಿಸಿಕೊಂಡದ್ದು ಮೊದಲು ತನ್ನ ಜೊತೆ ಇರಲಿಕ್ಕೆ. ಸಾರಲು ಕಳಿಸುವ ಮಾತು ಆಮೇಲೆ. ನಾವು ಜೊತೆಗಿರುವುದನ್ನೇ ಬಿಟ್ಟು ಸೀದಾ ಪಾಠಕ್ಕೆ ಇಳಿಯುತ್ತೇವೆ.

ನಮ್ಮಲ್ಲಿ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಇದ್ದ. ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಕೂತು ತುಟಿ ಬಿಚ್ಚಲಿಲ್ಲ. ಕೊಯ್ಲಿನ ಹಬ್ಬದ ದಿನ, ಜನ ಚರ್ಚಿಗೆ ತಂದುಕೊಟ್ಟದ್ದನ್ನು ಏಲಂ ಹಾಕುವಾಗ ಅದರ ಲೆಕ್ಕ ಬರೆಯುವ ಕೆಲಸ ಅವನಿಗೆ ಕೊಟ್ಟೆ. ಬಾಳೆಗೊನೆ, ತೆಂಗಿನಕಾಯಿ, ಯಾರದೋ ಮನೆಯ ಊರಕೋಳಿ, ಯಾರು ಎಷ್ಟಕ್ಕೆ ಕೂಗಿದರು ಎಲ್ಲ ಒಂದೂ ತಪ್ಪದೆ ಬರೆದ. ಎಲ್ಲ ಮುಗಿದು ಅಂಗಳದಲ್ಲಿ ಚೆಲ್ಲಿದ ತೊಂಡೆಕಾಯಿ ಹೆಕ್ಕುತ್ತಿದ್ದಾಗ, ತಲೆ ಎತ್ತದೆ ತುಳುವಿನಲ್ಲಿ ಕೇಳಿದ, "ಅಕ್ಕಾ, ನಾವೆಲ್ಲ ಅಷ್ಟು ಪ್ರಾರ್ಥನೆ ಮಾಡಿದೆವಲ್ಲ, ಅಜ್ಜಿ ಯಾಕೆ ಉಳಿಯಲಿಲ್ಲ?"

ನನಗೂ ಗೊತ್ತಿಲ್ಲ ಮಗಾ ಎಂದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಬೈಬಲಿನ 13ನೇ ಕೀರ್ತನೆ ಓದಿದೆವು. ಆರೇ ವಚನ. ಎಷ್ಟು ಕಾಲ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ಕೇಳುವ ಕೀರ್ತನೆ ಅದು. "ದೇವರ ಹತ್ತಿರ ಹೀಗೆಲ್ಲ ಕೇಳಬಹುದಾ?" ಎಂದ. ಅವನ ಜೊತೆ ನಿಜವಾದ ಮಾತು ಶುರುವಾದದ್ದು ಆವತ್ತೇ.

ಅವನು ತುಳುವಿನಲ್ಲಿ ಕೇಳಿದ್ದು ಸಣ್ಣ ವಿಷಯ ಅಲ್ಲ. ನಮ್ಮ ಮಕ್ಕಳಿಗೆ ಶಾಲೆ ಇಂಗ್ಲಿಷು, ಸತ್ಯವೇದ (ಬೈಬಲ್) ಕನ್ನಡ, ಸಂಕಟ ಮಾತ್ರ ಮನೆಮಾತಿನಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಸ್ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರಿಗೂ ಇದು ಗೊತ್ತಿತ್ತು. 1847ರ ಹೊತ್ತಿಗೇ ಹೊಸ ಒಡಂಬಡಿಕೆ ತುಳುವಿನಲ್ಲಿ ಬಂದಿತ್ತು. ಆದ್ದರಿಂದ ಓದುವುದು ಕನ್ನಡದಲ್ಲಾದರೂ, ಮಾತು ಅವರಿಗೆ ಬಂದ ಭಾಷೆಯಲ್ಲಿ ಆಗಲಿ. ಮಾರ್ಕನ ಸುವಾರ್ತೆಯಿಂದಲೇ ಶುರು ಮಾಡಿ. 16 ಅಧ್ಯಾಯ, ವಾರಕ್ಕೊಂದು. ಏನು ಕಲಿತಿರಿ ಅಂತ ಕೇಳಬೇಡಿ, ಎಲ್ಲಿ ಅರ್ಥ ಆಗಲಿಲ್ಲ ಅಂತ ಕೇಳಿ. ಟ್ಯೂಷನ್, ಸಿಇಟಿ ಕೋಚಿಂಗ್ ಇರುವವರಿಗೆ ಆರಾಧನೆ ಮುಗಿದ ಕೂಡಲೇ ಅರ್ಧ ಗಂಟೆ ಸಾಕು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಚ್ಚಿದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಬೇಡಿ. ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗ ಇರಲಿ, ತಂದೆ ತಾಯಿಗೂ ಗೊತ್ತಿರಲಿ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ. ಮಗುವಿಗೆ ಯಾರಿಂದಲಾದರೂ ಹಿಂಸೆ ಆಗುತ್ತಿದೆ ಅಂತ ತಿಳಿದರೆ ಸುಮ್ಮನಿರುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098 ಅದಕ್ಕೇ ಇದೆ.

ಬಾರದ 13 ಮಕ್ಕಳ ಮನೆಗೂ ಒಮ್ಮೆ ಹೋಗಿ ಬನ್ನಿ, ಆ ಐದರಲ್ಲಿ ಇಬ್ಬರನ್ನು ಕರೆದುಕೊಂಡು. ಯಾಕೆ ಬರಲಿಲ್ಲ ಅಂತ ಮಾತ್ರ ಕೇಳಬೇಡಿ. ಪರೀಕ್ಷೆ ಹೇಗಾಯಿತು ಅಂತ ಕೇಳಿ, ಅವರ ಅಮ್ಮ ಕೊಟ್ಟ ಚಾ ಕುಡಿದು ಬನ್ನಿ.