ಎರಡನೆಯ ಗುಂಡೋ ಮೂರನೆಯದೋ ಸಿಕ್ಕಿಕೊಂಡರೆ

ಪ್ರಶ್ನೆ: ಶೂಟಿಂಗ್ ಕ್ಲಬ್ಬಿನಲ್ಲಿ ಪಾಯಿಂಟ್ 22 ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಿಂದ 25 ಮೀಟರ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದೇನೆ. ಐದು ಗುಂಡುಗಳ ಸರಣಿಯಲ್ಲಿ ಎರಡನೆಯದೋ ಮೂರನೆಯದೋ ಚೇಂಬರ್‌ಗೆ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಕುಳಿಗೆ) ಹೋಗದೆ ಅರ್ಧದಲ್ಲೇ ನಿಲ್ಲುತ್ತದೆ. ಪಿಸ್ತೂಲನ್ನು ಚೆನ್ನಾಗಿ ಒರೆಸಿಟ್ಟರೂ ಪ್ರಯೋಜನವಾಗಿಲ್ಲ. ದೋಷ ಎಲ್ಲಿರಬಹುದು?
— ಓದುಗರು, ಮೈಸೂರು

ಉತ್ತರ: ಪಿಸ್ತೂಲಿಗಿಂತ ಮೊದಲು ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಜಿನ್ ಮೇಲೆ ಅನುಮಾನಪಡಿ. ಪಾಯಿಂಟ್ 22 ತೋಟೆಯ (ಕೇಸು, ಮದ್ದು, ಸೀಸದ ಗುಂಡು ಸೇರಿದ ಇಡೀ ಘಟಕ) ಬುಡದಲ್ಲಿ ಹೊರಚಾಚಿದ ಒಂದು ಅಂಚು ಇರುತ್ತದೆ. ಮ್ಯಾಗಜಿನ್ ತುಂಬುವಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದೆಯೇ ಕೂರಬೇಕು. ಹಿಂದೆ ಕೂತರೆ, ಸ್ಲೈಡ್ (ಹಾರಿಸಿದಾಗ ಹಿಂದೆ ಮುಂದೆ ಸರಿಯುವ ಭಾಗ) ಮೇಲಿನದನ್ನು ಮುಂದಕ್ಕೆ ತಳ್ಳಿದಾಗ ಅದು ಕೆಳಗಿನದಕ್ಕೆ ತಗುಲಿ ನಿಂತುಬಿಡುತ್ತದೆ. ಸರಣಿಯ ನಡುವೆಯೇ ತೊಂದರೆ ಮರುಕಳಿಸುತ್ತಿರುವುದರಿಂದ ನನಗೆ ಮೊದಲು ಹೊಳೆಯುವ ಕಾರಣ ಇದೇ. ನಿಮ್ಮ ಮ್ಯಾಗಜಿನ್‌ಗಳಿಗೆ ಒಂದು, ಎರಡು ಎಂದು ಗುರುತು ಹಾಕಿ, ಒಂದೇ ಬಗೆಯ ತೋಟೆ ಬಳಸಿ ಪರೀಕ್ಷಿಸಿ. ಒಂದರಲ್ಲಿ ಮಾತ್ರ ಗುಂಡು ಸಿಕ್ಕಿಕೊಂಡರೆ ಅದರ ಬಾಯಂಚು ಬಾಗಿರಬಹುದು, ಇಲ್ಲವೇ ಸ್ಪ್ರಿಂಗ್ ಸೋತಿರಬಹುದು. ಬಾಯಂಚನ್ನು ಇಕ್ಕಳದಿಂದ ತಿದ್ದಲು ಹೋಗದೆ, ಆ ಮ್ಯಾಗಜಿನ್ನನ್ನೇ ಬದಲಿಸಿ.

ಎಲ್ಲ ಮ್ಯಾಗಜಿನ್‌ಗಳಲ್ಲೂ ಹೀಗಾದರೆ, ತೋಟೆ ಎಲ್ಲಿ ನಿಂತಿದೆ ಎಂಬುದನ್ನು ತೆಗೆಯುವ ಮೊದಲೇ ಗಮನಿಸಿ. ಹಲವರು ಗಡಿಬಿಡಿಯಲ್ಲಿ ಸ್ಲೈಡ್ ಎಳೆದು, ಇದ್ದ ಒಂದೇ ಸುಳಿವನ್ನೂ ಕಳೆದುಕೊಳ್ಳುತ್ತಾರೆ. ಮುಕ್ಕಾಲು ಭಾಗ ಒಳಹೋಗಿ ನಿಂತಿದ್ದರೆ ಚೇಂಬರ್‌ನಲ್ಲಿ ಮೇಣ, ಸೀಸ ಮತ್ತು ಮಸಿ ಕಟ್ಟಿರುತ್ತದೆ. ಹೊರಗಿನಿಂದ ಒರೆಸಿದರೆ ಅದು ಹೋಗುವುದಿಲ್ಲ, ಚೇಂಬರ್ ಬ್ರಷ್ಷೇ ಬೇಕು. ಖಾಲಿ ಕೇಸು ಒಳಗೇ ಉಳಿದು ಹೊಸ ತೋಟೆಗೆ ಅಡ್ಡವಾಗಿದ್ದರೆ, ದೋಷ ತೋಟೆ ಏರುವುದರಲ್ಲಿಲ್ಲ, ಕೇಸು ಹೊರಬರುವುದರಲ್ಲಿದೆ. ಸ್ಲೈಡ್ ಪೂರ್ತಿ ಹಿಂದೆ ಸರಿಯದೆ ತೋಟೆಯ ಮೇಲೆಯೇ ಹಾದುಹೋದರೆ ಮದ್ದಿನ ಬಲ ಸಾಲದಿರಬಹುದು, ಅಥವಾ ನಿಮ್ಮ ಮಣಿಕಟ್ಟು ಸಡಿಲವಾಗಿರಬಹುದು. ಖಾಲಿ ಪಿಸ್ತೂಲಿನ ಟ್ರಿಗರ್ ಎಳೆಯುವ ಅಭ್ಯಾಸವಿದ್ದರೆ, ತೋಟೆಗೆ ಬಡಿದು ಸಿಡಿಸುವ ಫೈರಿಂಗ್ ಪಿನ್ ಚೇಂಬರ್‌ನ ಅಂಚಿಗೆ ಬಡಿದು ಅಲ್ಲಿ ಸಣ್ಣ ಉಬ್ಬು ಮೂಡಿದೆಯೇ ಎಂದೂ ಪರೀಕ್ಷಿಸಿಕೊಳ್ಳಬೇಕು. ಈ ಉಬ್ಬನ್ನು ತೆಗೆಯುವುದು ಮನೆಯ ಕೆಲಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ರಿಪೇರಿಯನ್ನು ವೃತ್ತಿಯಾಗಿ ನಡೆಸುವವರಿಗೂ ಪರವಾನಗಿ ಬೇಕು, ಅಂಥವರಿಗೇ ಒಪ್ಪಿಸಿ.

ಸಿಕ್ಕಿಕೊಂಡಾಗ ನಳಿಗೆ ಗುರಿಯ ದಿಕ್ಕಿನಲ್ಲೇ ಇರಲಿ, ಬೆರಳು ಟ್ರಿಗರ್‌ನಿಂದ ದೂರವಿರಲಿ. ಮೊದಲು ಮ್ಯಾಗಜಿನ್ ತೆಗೆದು, ನಂತರ ಸ್ಲೈಡ್ ಹಿಂದಕ್ಕೆಳೆದು ಚೇಂಬರ್ ನೋಡಿ. ಗುಂಡು ಹಾರಿದ ಸದ್ದು ಎಂದಿಗಿಂತ ಮೆಲ್ಲಗೆ ಕೇಳಿದ್ದರೆ ಸೀಸ ನಳಿಗೆಯಲ್ಲೇ ಉಳಿದಿರಬಹುದಾದ್ದರಿಂದ ಮತ್ತೊಂದನ್ನು ಯಾವ ಕಾರಣಕ್ಕೂ ಹಾರಿಸಬೇಡಿ. ಸ್ಪರ್ಧೆಯಲ್ಲಾದರೆ ಇದ್ಯಾವುದನ್ನೂ ನೀವೇ ಮಾಡುವಂತಿಲ್ಲ. ಪಿಸ್ತೂಲನ್ನು ಗುರಿಯತ್ತಲೇ ಹಿಡಿದು, ಇನ್ನೊಂದು ಕೈ ಎತ್ತಿ ಅಧಿಕಾರಿಗೆ ತಿಳಿಸಬೇಕು. ಅವರು ಪರಿಶೀಲಿಸುವ ಮೊದಲೇ ಸ್ಲೈಡ್ ಮುಟ್ಟಿದರೆ ಅದು ಅಂಗೀಕಾರಾರ್ಹ (ಮತ್ತೆ ಹಾರಿಸಲು ಅವಕಾಶ ಸಿಗುವ) ದೋಷವಾಗಿ ಪರಿಗಣಿತವಾಗುವುದಿಲ್ಲ, ಹಾರದ ಗುಂಡುಗಳ ಅಂಕ ನಿಮ್ಮ ಕೈತಪ್ಪುತ್ತದೆ.