ಬರ್ತೇನೆ ಅಂತ ಹೇಳಿ ಹೋಗು

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಒಬ್ಬ ವಿದ್ಯಾರ್ಥಿನಿಯ ಪ್ರಕರಣ ಇದು, ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬರೆದದ್ದನ್ನು ಅವಳೂ ಒಮ್ಮೆ ಓದಿದ್ದಾಳೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಹೆಸರು ಹಾಕಿಲ್ಲ. ಎದುರಿಗೆ ಕೂತಾಗ ಅವಳನ್ನು ತಂಗಿ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಇರಲಿ. ಊರು ಕಾರವಾರದ ಕಡೆಯದು. ಬೈತಖೋಲ, ಬೇಲೆಕೇರಿ, ತದಡಿ ಅಂತ ನಮ್ಮ ಕರಾವಳಿಯುದ್ದಕ್ಕೂ ಮೀನುಗಾರಿಕೆ ಬಂದರುಗಳಿವೆ. ಇದು ಯಾವುದರ ಪಕ್ಕದ ಕತೆ ಅನ್ನುವುದು ಬೇಡ.

ಜೂನ್ ಮೂರನೇ ವಾರ. ಹೊರಗೆ ಬಿಡದೆ ಮಳೆ. ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಧಿಕಾರಿ ಫೋನ್ ಮಾಡಿ, "ತುಂಬಾ ಒಳ್ಳೆ ಹುಡುಗಿ ಮೇಡಂ, ಆದರೆ ಈಗ ಕ್ಲಾಸಿನಲ್ಲಿ ಕೂತಲ್ಲೇ ಅಳ್ತಾಳೆ" ಎಂದು ಕಳಿಸಿದ್ದರು. ಇಪ್ಪತ್ತು ವರ್ಷ. ಬಿಎಸ್ಸಿ ನಾಲ್ಕನೇ ಸೆಮಿಸ್ಟರ್. ಎರಡು ವಿಷಯ ಬಾಕಿ. ಪರೀಕ್ಷೆಗೆ ಐದು ವಾರ ಇತ್ತು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ತಲೆನೋವು. ಕೊಡೆ ಮಡಚಿ ಮೂಲೆಗಿಟ್ಟು ಕೂತವಳು ಮೊದಲು ಹೇಳಿದ ಮಾತು: "ಮೇಡಂ, ಐದೂವರೆಗೆ ನನಗೆ ಬಸ್ಸಿದೆ. ಮಕ್ಕಳು ಕಾಯ್ತಾರೆ."

ಮಕ್ಕಳು ಅಂದರೆ ಬಂದರಿನ ಪಕ್ಕದ ಶೆಡ್ಡುಗಳ ಮಕ್ಕಳು. ಕೆಲವರ ಅಪ್ಪ ಅಮ್ಮ ದೋಣಿಯಿಂದ ಮೀನು ಇಳಿಸುವ, ಐಸ್ ತುಂಬುವ ಕೆಲಸದವರು. ಇನ್ನು ಕೆಲವರದು ಕಟ್ಟಡ ಕೆಲಸ. ಹೆಚ್ಚಿನವರು ಘಟ್ಟದ ಮೇಲಿನಿಂದ, ಬಯಲುಸೀಮೆಯಿಂದ ಬಂದವರು. ಒಂದೂವರೆ ವರ್ಷದ ಹಿಂದೆ ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರ ಅಲ್ಲೇ ಹತ್ತಿರ ನಡೆದಿತ್ತು. ಶಿಬಿರ ಮುಗಿದು ಎಲ್ಲರೂ ಮನೆಗೆ ಹೋದರು. ಇವಳು ಮಾತ್ರ ಮರುದಿನವೂ ಹೋದಳು. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಭಾನುವಾರವೂ ಇಲ್ಲ, ಜ್ವರ ಬಂದಾಗಲೂ ಇಲ್ಲ. ಹದಿನಾಲ್ಕು ಮಕ್ಕಳಿಗೆ ಕನ್ನಡ, ಲೆಕ್ಕ, ಹಾಡು. ಪೆನ್ಸಿಲು, ನೋಟ್‌ಬುಕ್ಕು ಅವಳದೇ ದುಡ್ಡಿನಲ್ಲಿ.

ವಾರದ ಗಂಟೆಗಳನ್ನು ಕಾಗದದ ಮೇಲೆ ಕೂಡಿಸು ಅಂದೆ. ಪಾಠ, ತಯಾರಿ ಸೇರಿ ಇಪ್ಪತ್ತೆರಡು ಬಂತು. ಎನ್‌ಎಸ್‌ಎಸ್ ಒಬ್ಬ ಸ್ವಯಂಸೇವಕರಿಂದ ಕೇಳುವುದು ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಒಂದು ವರ್ಷದ ಸೇವೆಯನ್ನು ಇವಳು ಐದೂವರೆ ವಾರದಲ್ಲಿ ಮುಗಿಸುತ್ತಿದ್ದಳು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಲೆಕ್ಕ ಕಣ್ಣೆದುರೇ ಇದೆಯಲ್ಲ ಅಂದುಕೊಂಡು, "ವಾರಕ್ಕೆ ಎರಡು ದಿನ ಸಾಕು ತಂಗಿ" ಅಂದುಬಿಟ್ಟೆ. ಅವಳು ತಲೆ ತಗ್ಗಿಸಿ "ಆಯ್ತು" ಅಂದಳು. ಮುಂದಿನ ವಾರ ಬರಲೇ ಇಲ್ಲ. ಒಬ್ಬರು ಪ್ರಾಣ ಕೊಟ್ಟು ಹಿಡಿದಿರುವುದನ್ನು ಯಾಕೆ ಹಿಡಿದಿದ್ದಾರೆ ಅಂತ ಕೇಳುವ ಮೊದಲೇ ಬಿಡು ಅನ್ನಬಾರದಿತ್ತು. ಫೋನ್ ಮಾಡಿ, "ನಾನು ಅವಸರ ಮಾಡಿದೆ. ಇನ್ನೊಮ್ಮೆ ಬಾ, ಈ ಸಲ ಬರೀ ಕೇಳ್ತೇನೆ" ಅಂದೆ. ಬಂದಳು.

ಆ ದಿನ ಅವಳು ಹೇಳಿದ್ದು ಒಬ್ಬ ಹುಡುಗನ ವಿಷಯ. ಸುಮಾರು ಹತ್ತು ವರ್ಷ. ಮೇ ಕೊನೆಯಲ್ಲಿ ಒಂದು ಸಂಜೆ ಏಳರ ಮಗ್ಗಿ ಬರಲಿಲ್ಲ ಅಂತ ಅವನಿಗೆ ಬೈದಿದ್ದಳು. ಎಲ್ಲರೆದುರು, ಜೋರಾಗಿ. ಮರುದಿನ ಅವನು ಬರಲಿಲ್ಲ. ಅದರ ಮರುದಿನ ಶೆಡ್ಡಿಗೆ ಹೋಗಿ ನೋಡಿದರೆ ಬೀಗ. ಅವತ್ತಿನಿಂದ ಅವಳಿಗೆ ನಿದ್ದೆ ಇಲ್ಲ.

ನಮ್ಮ ಕರಾವಳಿಯವರಿಗೆ ಇದರ ಕಾರಣ ತಕ್ಷಣ ಹೊಳೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. 61 ದಿನ ಬಂದರಿಗೆ ಕೆಲಸವಿಲ್ಲ. ಹೊರಗಿನಿಂದ ಬಂದ ಕೂಲಿಯವರು ಗಂಟುಮೂಟೆ ಕಟ್ಟಿ ಊರಿಗೆ ಹೋಗುತ್ತಾರೆ. ಹದಿನಾಲ್ಕು ಮಕ್ಕಳಲ್ಲಿ ಐವರು ಆ ವಾರವೇ ಹೋಗಿದ್ದರು. ಇವಳ ಅಮ್ಮ ಮೀನು ಮಾರುವವರು. ಮಳೆಗಾಲ ಬಂತೆಂದರೆ ಆ ಮನೆಯಲ್ಲಿ ಒಣಮೀನಿನ ವ್ಯಾಪಾರ. ನಿಷೇಧದ ದಿನಗಳು ಇವಳಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ, "ನಾನು ಬೈದದ್ದಕ್ಕೇ ಹೋದ ಮೇಡಂ" ಅನ್ನುತ್ತಿದ್ದಳು.

ಯಾಕೆ ಹಾಗನ್ನಿಸುತ್ತದೆ ಅಂತ ಕೇಳಲಿಲ್ಲ. "ನೀನು ಚಿಕ್ಕವಳಿದ್ದಾಗ ನಿನಗೆ ಹೀಗೆ ಯಾರಾದರೂ ಕಲಿಸೋಕೆ ಬರ್ತಿದ್ರಾ?" ಅಂದೆ.

ಬಹಳ ಹೊತ್ತು ಸುಮ್ಮನಿದ್ದಳು. ಐದನೇ ಕ್ಲಾಸಿನಲ್ಲಿದ್ದಾಗ ಅವರ ಕೇರಿಗೆ ಒಬ್ಬ ಅಕ್ಕೋರು, ಅಂದರೆ ಟೀಚರು, ಸಂಜೆ ಸಂಜೆ ಬರುತ್ತಿದ್ದರಂತೆ. ಶಾಲೆಯ ಅಕ್ಕೋರಲ್ಲ, ಸುಮ್ನೆ ಬರುತ್ತಿದ್ದವರು. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಿಗೆ ಕನ್ನಡ ಓದಲು ಹದವಾಗಿ ಕಲಿಸಿದವರು ಅವರೇ. ಒಂದು ದಿನ ಬರಲಿಲ್ಲ. ಮಕ್ಕಳು ಜಗಲಿಯ ಮೇಲೆ ಪುಸ್ತಕ ಹಿಡಿದು ಒಂದು ವಾರ ಕೂತರು. ಯಾರೂ ಏನೂ ಹೇಳಲಿಲ್ಲ. ಅವರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತು ಅನ್ನುವುದು ತಿಳಿದದ್ದು ಎಷ್ಟೋ ವರ್ಷದ ಮೇಲೆ. "ಅಲ್ಲಿವರೆಗೆ ನನ್ನ ಅಕ್ಷರ ಕೆಟ್ಟದಾಗಿತ್ತು, ಅದಕ್ಕೇ ಬಿಟ್ಟು ಹೋದ್ರು ಅಂದ್ಕೊಂಡಿದ್ದೆ" ಅಂದಳು. ಅಷ್ಟು ಹೇಳಿ ಅತ್ತಳು.

ನಾನು ಮಕ್ಕಳಲ್ಲಿ ಮತ್ತೆ ಮತ್ತೆ ಕಾಣುವುದು ಇದನ್ನೇ. ದೊಡ್ಡವರು ಕಾರಣ ಹೇಳದೆ ಹೋದರೆ ಮಗು ಕಾರಣವನ್ನು ತನ್ನೊಳಗೇ ಹುಡುಕುತ್ತದೆ. ಹುಡುಕಿದರೆ ಸಿಕ್ಕೇ ಸಿಗುತ್ತದೆ, ಒಂದು ಕೆಟ್ಟ ಅಕ್ಷರ, ಒಂದು ಬಾರದ ಮಗ್ಗಿ. ಈ ಹುಡುಗಿ ಹತ್ತನೇ ವಯಸ್ಸಿನಲ್ಲಿ ಒಂದು ಶಪಥ ಮಾಡಿದ್ದಳು, ತಾನು ಯಾವ ಮಗುವನ್ನೂ ಹಾಗೆ ಬಿಟ್ಟು ಹೋಗುವುದಿಲ್ಲ ಅಂತ. ಅದಕ್ಕೇ ಅವಳಿಗೆ ರಜೆ ಹಾಕಲು ಆಗುತ್ತಿರಲಿಲ್ಲ. ನಾನು ಎರಡು ದಿನ ಸಾಕು ಅಂದಾಗ ಅವಳ ಕಿವಿಗೆ ಬಿದ್ದದ್ದು "ನೀನೂ ಆ ಅಕ್ಕೋರ ಹಾಗೆ ಆಗು" ಅನ್ನುವ ಮಾತು.

"ಆ ಅಕ್ಕೋರು ಹೋಗುವ ಮೊದಲು ನಿಮ್ಮನ್ನೆಲ್ಲ ಕೂರಿಸಿಕೊಂಡು, ನನಗೆ ಕೆಲಸ ಸಿಕ್ಕಿದೆ, ಹೋಗ್ತಿದ್ದೇನೆ ಅಂದಿದ್ದರೆ?" ಅಂತ ಕೇಳಿದೆ.

"ಅಳ್ತಿದ್ದೆ. ಆಮೇಲೆ ಸರಿಹೋಗ್ತಿದ್ದೆ."

"ನಿಮ್ಮ ಮನೆಯಲ್ಲಿ ಹೊರಡುವಾಗ ಏನಂತೀರಿ?"

"ಯೆತಾಂ."

"ಅಂದರೆ?"

"ಬರ್ತೇನೆ ಅಂತ."

ಕೊಂಕಣಿಯಲ್ಲೂ ಹಾಗೇ, ಕನ್ನಡದಲ್ಲೂ ಹಾಗೇ. ಹೊಸ್ತಿಲು ದಾಟುವಾಗ ನಾವು ಯಾರೂ ಹೋಗ್ತೇನೆ ಅನ್ನುವುದಿಲ್ಲ. ಆ ಸಂಜೆ ನಾವಿಬ್ಬರೂ ಮಾಡಿದ ಕೆಲಸ ಇಷ್ಟೇ, ಮಕ್ಕಳಿಗೆ ಹೇಗೆ ಹೇಳಿ ಹೊರಡುವುದು ಅಂತ ಮಾತು ಜೋಡಿಸಿದ್ದು. ಎಷ್ಟು ದಿನ ಬರುವುದಿಲ್ಲ, ಯಾಕೆ ಬರುವುದಿಲ್ಲ, ಯಾವ ದಿನ ಬರುತ್ತೇನೆ, ಅಲ್ಲಿವರೆಗೆ ಯಾರು ಬರುತ್ತಾರೆ. ಜೊತೆಗೆ ಒಂದು ಮಾತು: "ನೀವು ಏನೂ ತಪ್ಪು ಮಾಡಿಲ್ಲ." ಈ ಕೊನೆಯದನ್ನು ಬಾಯಿಬಿಟ್ಟು ಹೇಳಲೇಬೇಕು ಅಂದೆ. ಹೇಳದಿದ್ದರೂ ಮಕ್ಕಳಿಗೆ ಗೊತ್ತಾಗುತ್ತದೆ ಅಂದುಕೊಳ್ಳುವುದು ನಾವು ದೊಡ್ಡವರು.

ಎಷ್ಟು ದಿನ ಬಿಡುವುದು ಅಂತ ನಿರ್ಧರಿಸಿದವಳು ಅವಳೇ. ಇಪ್ಪತ್ತಾರು ದಿನ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಇಪ್ಪತ್ತಾರು ಚೌಕ ಬರೆದು ಶೆಡ್ಡಿನ ತಗಡಿಗೆ ಅಂಟಿಸಿದಳು. ದಿನಕ್ಕೊಂದು ಗೆರೆ ಎಳೆಯುವ ಕೆಲಸ ಚಿಕ್ಕ ಮಕ್ಕಳದು.

ಉಳಿದದ್ದನ್ನು ನಾನು ಹೇಳಿದೆ. ಇಂಥ ಕೆಲಸ ಮಾಡುವ ಬೇರೆ ವಿದ್ಯಾರ್ಥಿಗಳಿಗೂ ಬೇಕಾಗಬಹುದು ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಒಬ್ಬರೇ ಹೋಗಬಾರದು. ಇಬ್ಬರಿರಬೇಕು, ಬಾಗಿಲು ತೆರೆದಿರಬೇಕು. ಅದು ಮಗುವಿನ ಸುರಕ್ಷತೆಗೂ ಹೌದು, ನಿಮ್ಮದಕ್ಕೂ ಹೌದು. ಮಕ್ಕಳ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಬಾರದು. ಯಾವುದಾದರೂ ಮಗು ಮನೆಯಲ್ಲಿ ಹೊಡೆತದ ಬಗ್ಗೆ, ಯಾರದೋ ಕೆಟ್ಟ ಮುಟ್ಟುವಿಕೆಯ ಬಗ್ಗೆ ಹೇಳಿದರೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬಾರದು. ಮಗು ಹೇಳಿದ್ದನ್ನು ನಂಬಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿದವರು ವರದಿ ಮಾಡಲೇಬೇಕು.

ಇನ್ನೊಂದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಉಳಿದ ಒಂಬತ್ತು ಮಕ್ಕಳಲ್ಲಿ ಇಬ್ಬರು ಯಾವ ಶಾಲೆಗೂ ಸೇರಿರಲಿಲ್ಲ. ವರ್ಗಾವಣೆ ಪತ್ರ ಇಲ್ಲ ಅಂತ ಅಪ್ಪ ಅಮ್ಮ ಕೇಳುವುದಕ್ಕೇ ಹೋಗಿರಲಿಲ್ಲ. ಇವಳು ಅವರಿಗೆ ಸಂಜೆ ಇನ್ನೂ ಜಾಸ್ತಿ ಹೊತ್ತು ಕಲಿಸುತ್ತಿದ್ದಳು. ಸಂಜೆಯ ಪಾಠ ಎಷ್ಟೇ ಚೆನ್ನಾಗಿರಲಿ, ಶಾಲೆಯ ಜಾಗಕ್ಕೆ ಬರುವುದಿಲ್ಲ. ಶಾಲೆಯಲ್ಲಿ ಬಿಸಿಯೂಟ ಇದೆ, ಹಾಲು ಇದೆ, ಹಗಲು ಹೊತ್ತು ಕೂರಲು ಒಂದು ಸೂರು ಇದೆ. 6ರಿಂದ 14 ವರ್ಷದ ಮಗುವಿಗೆ ಉಚಿತ ಶಿಕ್ಷಣ 2009ರ ಕಾಯ್ದೆ ಕೊಟ್ಟ ಹಕ್ಕು. ವರ್ಗಾವಣೆ ಪತ್ರ ತಡವಾಯಿತು ಅಂತಲೋ, ವರ್ಷದ ಮಧ್ಯೆ ಬಂದರು ಅಂತಲೋ ಸೇರಿಸಿಕೊಳ್ಳದೆ ಇರುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. "ನೀನು ಹತ್ತು ಸಂಜೆ ಕಲಿಸುವುದಕ್ಕಿಂತ ಒಂದು ಬೆಳಿಗ್ಗೆ ಆ ತಾಯಂದಿರ ಜೊತೆ ಹೆಡ್‌ಮಾಸ್ತರ ಹತ್ತಿರ ಹೋಗು" ಅಂದೆ. ಹೋದಳು. ಮಾಸ್ತರು ಅವತ್ತೇ ಇಬ್ಬರ ಹೆಸರು ಬರೆದುಕೊಂಡರು.

ಅದೇ ದಿನ ಅವಳು ಆ ಹುಡುಗನ ವಿಷಯವನ್ನೂ ಮಾಸ್ತರ ಕಿವಿಗೆ ಹಾಕಿದಳು. ನಮ್ಮ ರಾಜ್ಯದ ಶಾಲೆಗಳಲ್ಲಿ ಪ್ರತಿ ಮಗುವಿಗೂ ಎಸ್‌ಎಟಿಎಸ್ ಅನ್ನುವ ವಿದ್ಯಾರ್ಥಿ ದಾಖಲೆಯಲ್ಲಿ ಒಂದು ಸಂಖ್ಯೆ ಇದೆ. ಶಾಲೆ ಬದಲಿಸಿದರೂ ಅದೇ ಸಂಖ್ಯೆ. ಬೇರೆ ಕಡೆ ಸೇರಿಸಿಕೊಳ್ಳುವವರು ಈ ಶಾಲೆಯನ್ನು ಕೇಳಲೇಬೇಕು. ಇನ್ನೂ ಯಾರೂ ಕೇಳಿಲ್ಲ ಅಂದರಂತೆ ಮಾಸ್ತರು.

ಅವಳ ಆರೋಗ್ಯದ ಮಾತು ಚಿಕ್ಕದಾಗಿ ಹೇಳುತ್ತೇನೆ. ಬದುಕು ಬೇಡ ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ, ಇಲ್ಲ ಅಂದಳು. ಆದರೂ ರಾತ್ರಿ ಹೊತ್ತು ಭಾರ ಅನ್ನಿಸಿದರೆ ಕರೆ ಮಾಡು ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಊಟ ಬಿಟ್ಟು ವಾರಗಳಾಗಿದ್ದರಿಂದ ಡಾಕ್ಟರ ಹತ್ತಿರ ಕಳಿಸಿದೆ.

ಅವಳ ಅಮ್ಮನನ್ನೂ ಒಮ್ಮೆ ಕರೆಸಿದ್ದೆ. ಕೂತ ಕೂಡಲೇ ಸಿಟ್ಟೆಲ್ಲ ಹೊರಗೆ ಬಂತು. "ಕಂಡವರ ಮಕ್ಕಳ ಮಗ್ಗಿ ಕೇಳ್ತಾಳೆ ಅಕ್ಕೋರೆ, ತನ್ನ ಪುಸ್ತಕ ಬಿಚ್ಚೋದಿಲ್ಲ. ನಾನು ಬುಟ್ಟಿ ಹೊತ್ತದ್ದು ಇದಕ್ಕಾ?" ನಾನು ಎದುರು ಮಾತಾಡಲಿಲ್ಲ. ಆ ಸಿಟ್ಟಿನಲ್ಲಿ ತಪ್ಪೇನಿದೆ? ಮಗಳ ಓದಿನ ಹಿಂದೆ ಆ ತಾಯಿಯ ಎಷ್ಟು ಬೆಳಗುಗಳಿವೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ದನಿ ಇಳಿಸಿ ಅಂದರು: "ಪೇಟೆಯಲ್ಲಿ ಆ ಮಕ್ಕಳು ನನ್ನ ಕಂಡರೆ ಅಕ್ಕನ ಅವ್ವ, ಅಕ್ಕನ ಅವ್ವ ಅಂತ ಓಡಿ ಬರ್ತಾವೆ." ಮಗಳು ಅಮ್ಮನ ಮುಖ ನೋಡಿದಳು. ಈ ಮಾತು ಅವಳು ಕೇಳಿದ್ದು ಅದೇ ಮೊದಲು. ಪರೀಕ್ಷೆ ಮುಗಿಯುವವರೆಗೆ ಬೆಳಗಿನ ಒಣಮೀನಿನ ಕೆಲಸಕ್ಕೆ ಇವಳು ಬೇಡ, ಆ ಹೊತ್ತು ಓದಲಿ ಅಂತ ಅಮ್ಮನೇ ಹೇಳಿ ಹೋದರು.

ಇಬ್ಬರು ಸಹಪಾಠಿಗಳು ಬದಲಿಗೆ ಹೋಗಲು ಒಪ್ಪಿದರು. ಒಬ್ಬ ಹಾವೇರಿ ಕಡೆಯ ಹುಡುಗ, ಹಾಸ್ಟೆಲಿನಲ್ಲಿರುವವನು. ಅವನು "ಏನ್ರಪಾ, ಹೆಂಗದೀರಿ" ಅಂದದ್ದೇ ಮಕ್ಕಳು ಬಿಟ್ಟ ಬಾಯಿ ಮುಚ್ಚಲಿಲ್ಲವಂತೆ. ತಮ್ಮ ಮನೆಯ ಮಾತನ್ನು ಕಲಿಸುವವರ ಬಾಯಲ್ಲಿ ಅವರು ಕೇಳಿಯೇ ಇರಲಿಲ್ಲ. ಒಂದೂವರೆ ವರ್ಷ ಮಾತೇ ಆಡದ ಒಂದು ಹುಡುಗಿ ಅವನ ಹತ್ತಿರ ತನ್ನೂರಿನ ಜಾತ್ರೆಯ ಕತೆ ಹೇಳಿದಳು. ಇದನ್ನು ಕೇಳಿ ನಮ್ಮ ತಂಗಿಗೆ ಒಂದು ಕ್ಷಣ ಹೊಟ್ಟೆಯಲ್ಲಿ ಏನೋ ಆಯಿತಂತೆ. ಹೇಳಿಕೊಳ್ಳಲು ನಾಚಿಕೊಂಡಳು. ಅದು ಪ್ರೀತಿ ಇರುವಲ್ಲಿ ಬರುವಂಥದ್ದೇ, ನಾಚಿಕೆ ಬೇಡ ಅಂದೆ.

ಇಪ್ಪತ್ತೇಳನೇ ದಿನ ಅವಳು ಹೋದಾಗ ಎಲ್ಲ ಚೌಕಕ್ಕೂ ಗೆರೆ ಬಿದ್ದಿತ್ತು. ಎರಡು ಚೌಕಕ್ಕೆ ಎರಡೆರಡು ಗೆರೆ. ಅವಳು ಬೇಗ ಬರಲಿ ಅಂತ ಯಾರೋ ಎಳೆದದ್ದು.

ಬಾಕಿ ಇದ್ದ ಎರಡು ವಿಷಯದಲ್ಲಿ ಒಂದು ಪಾಸಾಗಿದೆ, ಇನ್ನೊಂದು ಉಳಿದಿದೆ. ಈಗ ಮಂಗಳವಾರ ಮತ್ತು ಶನಿವಾರ ಹೋಗುತ್ತಾಳೆ. ಉಳಿದ ದಿನ ಬೇರೆಯವರು. ನಿದ್ದೆ ಬರುತ್ತಿದೆ. ತಿಂಗಳಿಗೊಮ್ಮೆ ನನ್ನ ಹತ್ತಿರ ಬರುತ್ತಾಳೆ.

ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟಾಯಿತು, ದೋಣಿಗಳು ಇಳಿದವು, ಕೂಲಿಯವರು ಮರಳಿದರು. ಹೋಗಿದ್ದ ಐವರಲ್ಲಿ ನಾಲ್ವರು ಮಕ್ಕಳು ಬಂದರು. ಆ ಹುಡುಗ ಬರಲಿಲ್ಲ. ಅವನ ಅಪ್ಪ ಅಮ್ಮ ಬಂದಿದ್ದಾರೆ. ಅವನು ಅಜ್ಜಿಯ ಜೊತೆ ಊರಲ್ಲೇ ಇದ್ದಾನೆ, ಆಡು ಕಾಯುತ್ತಾನೆ ಅಂದರು. ಮಾಸ್ತರು ಆ ಊರಿನ ಶಾಲೆಗೆ ಫೋನ್ ಮಾಡಿ ಹೆಸರು, ಸಂಖ್ಯೆ ಕೊಟ್ಟರು. ಸೇರಿಸಿಕೊಳ್ಳುತ್ತೇವೆ ಅಂದಿದ್ದಾರಂತೆ. ಸೇರಿದನೋ ಇಲ್ಲವೋ ಅಂತ ಅವಳು ಮತ್ತೆ ಮತ್ತೆ ವಿಚಾರಿಸುತ್ತಿದ್ದಾಳೆ. ಇದನ್ನು ನಾನು ಬಿಡು ಅನ್ನುವುದಿಲ್ಲ.

ಅವನಿಗೆ ಐವತ್ತು ಪೈಸೆಯ ಒಂದು ಕಾರ್ಡು ಬರೆದಳು. "ಅವತ್ತು ಬೈದದ್ದು ನನ್ನ ತಪ್ಪು. ನೀನು ಜಾಣ. ಬಂದರೆ ನಾನು ಮಂಗಳವಾರ, ಶನಿವಾರ ಇಲ್ಲೇ ಇರುತ್ತೇನೆ." ಉತ್ತರ ಬಂದಿಲ್ಲ. ದೀಪಾವಳಿಗೆ ಅವನ ಅಪ್ಪ ಊರಿಗೆ ಹೋಗಿ ಬರುತ್ತಾರಂತೆ. ಅವರ ಕೈಯಲ್ಲಿ ಒಂದು ಪುಸ್ತಕ ಕಳಿಸಬೇಕು, ಮಗ್ಗಿ ಪುಸ್ತಕ ಆಗಬಹುದಾ ಅಂತ ಮೊನ್ನೆ ಕೇಳಿದಳು.

ಮಗ್ಗಿ ಬೇಡ ತಂಗಿ, ಚಿತ್ರದ್ದು ಕಳಿಸು ಅಂದೆ.