ಹಿಕ್ಕೆಯಲ್ಲಿ ರಕ್ತ ಹೋಗುತ್ತಿರುವ ಕೋಳಿಗೆ ಔಷಧದ ಜೊತೆ ಟಾನಿಕ್ ಕೊಡಬಹುದೇ?

ನಿಮ್ಮ ಹೇಂಟೆ ಎರಡು ದಿನದಿಂದ ರೆಕ್ಕೆ ಇಳಿಬಿಟ್ಟು ಮೂಲೆ ಸೇರಿದೆ, ಹಿಕ್ಕೆಯಲ್ಲಿ ರಕ್ತ ಕಾಣುತ್ತಿದೆ, ಅಂಗಡಿಯವರು ಕೊಟ್ಟ, ರಕ್ತಭೇದಿ ರೋಗದ ಔಷಧವಾದ ಆಂಪ್ರೋಲಿಯಂ ಪುಡಿಯ ಜೊತೆಗೆ ಶಕ್ತಿಗಾಗಿ ಬಿ-ಕಾಂಪ್ಲೆಕ್ಸ್ ಟಾನಿಕ್ ಕೊಡಬಹುದೇ, ಅದೂ ಸಾಲದಿದ್ದರೆ ಯಾವ ಆಂಟಿಬಯೋಟಿಕ್ ಹಾಕಬೇಕು ಎಂದು ಕೇಳಿದ್ದೀರಿ. ಟಾನಿಕ್ ಕೊಡಬೇಡಿ. ಈಗಾಗಲೇ ಬೆರೆಸಿಟ್ಟಿದ್ದರೆ, ಮುಂದೆ ಓದುವ ಮೊದಲು ಎದ್ದುಹೋಗಿ ಆ ನೀರನ್ನು ಚೆಲ್ಲಿ, ಬಟ್ಟಲು ತೊಳೆದು, ಔಷಧ ಮಾತ್ರ ಬೆರೆಸಿದ ನೀರನ್ನು ಇಟ್ಟು ಬನ್ನಿ.

2019ರ ಆಷಾಢದಲ್ಲಿ ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ನಾನು ಇದನ್ನೇ ಮಾಡಿದ್ದೆ. ನಾಲ್ಕು ವಾರದ 11 ಗಿರಿರಾಜ ಮರಿಗಳನ್ನು ತಂದು, ಅಮ್ಮ ಸಾಕಿದ್ದ ಎರಡು ನಾಟಿ ಹೇಂಟೆಗಳ ಗೂಡಿನಲ್ಲೇ ಬಿಟ್ಟಿದ್ದೆ. ಮೂರು ವಾರ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಮಳೆ ಬಿಡದೆ ಹಿಡಿಯಿತು, ಹೆಂಚಿನ ಸಂದಿಯಿಂದ ನೀರು ಸೋರಿ, ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟು ಒದ್ದೆಯಾಗಿ ಮುದ್ದೆಗಟ್ಟಿತು. ನಾಳೆ ಬದಲಿಸಿದರಾಯಿತು ಎಂದುಕೊಂಡು ನಾಲ್ಕೈದು ದಿನ ಕಳೆದೆ. ಒಂದು ಬೆಳಿಗ್ಗೆ ಒಂದು ಮರಿ ಗರಿ ಉಬ್ಬಿಸಿ, ಕಣ್ಣು ಮುಚ್ಚಿ ನಿಂತಿತ್ತು. ಅದರ ಜುಟ್ಟು ಬಿಳಿಚಿತ್ತು, ಕಾಲ ಬಳಿಯ ಹೊಟ್ಟಿನ ಮೇಲೆ ಹಸಿ ರಕ್ತವೇ ಬಿದ್ದಿತ್ತು.

ಪಶು ಆಹಾರದ ಅಂಗಡಿಯವರು ನನಗೂ ಆಂಪ್ರೋಲಿಯಂ ಪುಡಿಯನ್ನೇ ಕೊಟ್ಟರು. ಆ ಔಷಧ ಸರಿಯಾಗಿಯೇ ಇತ್ತು ಎಂಬುದು ಈಗಲೂ ನನ್ನನ್ನು ಕಾಡುತ್ತದೆ. ಮರಿಗಳು ಸೊರಗಿವೆ ಎಂದಾಗ ಅವರು ಒಂದು ಬಾಟಲಿ ಟಾನಿಕ್ಕನ್ನೂ ಕೊಟ್ಟರು, ನಾನು ಎರಡನ್ನೂ ಒಂದೇ ಬಟ್ಟಲಿನ ನೀರಿಗೆ ಬೆರೆಸಿದೆ. ಬಾಟಲಿಯ ಮೇಲೆ ಬರೆದಿದ್ದಕ್ಕಿಂತ ಹೆಚ್ಚೇ ಹಾಕಿದೆ, ಏಕೆಂದರೆ ಜ್ವರ ಬಂದವರಿಗೆ ಮಾತ್ರೆಯ ಜೊತೆ ಶಕ್ತಿಯ ಔಷಧವನ್ನೂ ಕೊಡುವುದನ್ನು ಚಿಕ್ಕಂದಿನಿಂದ ಕಂಡಿದ್ದ ನನಗೆ ಇದರಿಂದ ಕೆಡುಕಾಗಬಹುದೆಂಬ ಸಂಶಯವೇ ಬರಲಿಲ್ಲ. ಮೂರನೆಯ ದಿನಕ್ಕೆ ಮೂರು ಮರಿಗಳು ಸತ್ತವು. ಪುಡಿಯೇ ಕಳಪೆ ಎಂದು ತೀರ್ಮಾನಿಸಿ ಅದನ್ನು ನಿಲ್ಲಿಸಿ ಆಂಟಿಬಯೋಟಿಕ್ ತಂದು ಹಾಕಿದೆ, ಟಾನಿಕ್ಕನ್ನು ಮಾತ್ರ ಬಿಡಲಿಲ್ಲ. ಆರನೆಯ ದಿನದ ಹೊತ್ತಿಗೆ ಸತ್ತ ಮರಿಗಳು ಏಳಾಗಿದ್ದವು.

ಏಳನೆಯ ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋದೆ. ವೈದ್ಯರು ಹೊಟ್ಟೆ ಕೊಯ್ದು ತೋರಿಸಿದರು. ಕೋಳಿಗೆ ಎರಡು ಕುರುಡುಗರುಳುಗಳಿರುತ್ತವೆ; ಎರಡೂ ಊದಿಕೊಂಡು, ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಇದು ರಕ್ತಭೇದಿ, ಕಾಕ್ಸಿಡಿಯೋಸಿಸ್ ಎಂದು ಹೇಳಿ, ಏನೇನು ಕೊಟ್ಟಿರಿ ಎಂದು ಕೇಳಿದರು. ನಾನು ಒಂದೊಂದಾಗಿ ಹೇಳುತ್ತಾ ಟಾನಿಕ್ಕಿನ ಮಾತು ಬಂದಾಗ ತಲೆಯೆತ್ತಿ, “ಅದನ್ನೂ ಅದೇ ನೀರಿಗೆ ಹಾಕಿದಿರಾ?” ಎಂದರು.

ಈ ಒಂದು ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಅಂದು ಇದನ್ನು ನನಗೆ ಯಾರೂ ಹೇಳಿರಲಿಲ್ಲ. ರಕ್ತಭೇದಿಗೆ ಕಾರಣ ಐಮೀರಿಯಾ ಎಂಬ ಏಕಕೋಶ ಪರಾವಲಂಬಿ. ಅದು ಕರುಳಿನ ಗೋಡೆಯ ಜೀವಕೋಶಗಳೊಳಗೆ ಸೇರಿ, ಒಂದು ಹಲವಾಗಿ, ಆ ಕೋಶಗಳನ್ನು ಒಡೆದುಕೊಂಡು ಹೊರಬರುತ್ತದೆ. ಹಾಗೆ ಬೆಳೆಯಲು ಅದಕ್ಕೆ ಥಯಾಮಿನ್, ಅಂದರೆ ಬಿ1 ಜೀವಸತ್ವ ಬೇಕು. ಆಂಪ್ರೋಲಿಯಂನ ರಚನೆ ಥಯಾಮಿನ್‌ನ ರಚನೆಯನ್ನು ಹೋಲುತ್ತದೆ. ಥಯಾಮಿನ್ ಹೋಗಬೇಕಾದ ದಾರಿಯಲ್ಲಿ ಇದು ಅಡ್ಡ ನಿಂತು ಪರಾವಲಂಬಿಯನ್ನು ಉಪವಾಸ ಕೆಡವುತ್ತದೆ. ಔಷಧದ ಕೆಲಸ ನಡೆಯುವುದೇ ಈ ಉಪವಾಸದಿಂದ. ಬಿ-ಕಾಂಪ್ಲೆಕ್ಸ್ ಟಾನಿಕ್ಕಿನಲ್ಲಿ ಬಿ1 ಇದ್ದೇ ಇರುತ್ತದೆ. ಹೀಗಾಗಿ ಒಂದು ಕೈಯಿಂದ ಹಸಿವಿಗೆ ಕೆಡವಿದ ಪರಾವಲಂಬಿಗೆ ನಾನು ಇನ್ನೊಂದು ಕೈಯಿಂದ ಊಟ ಬಡಿಸುತ್ತಿದ್ದೆ, ಅದೂ ಧಾರಾಳವಾಗಿ. ಟಾನಿಕ್ ಹೆಚ್ಚಾದಷ್ಟೂ ಔಷಧದ ಬಲ ಕುಗ್ಗುತ್ತದೆ. ಔಷಧ ಕೆಲಸ ಮಾಡುತ್ತಿಲ್ಲವೆಂದು ನಾನು ಔಷಧವನ್ನು ನಿಲ್ಲಿಸಿದೆ, ನಿಲ್ಲಿಸಬೇಕಾಗಿದ್ದದ್ದು ಟಾನಿಕ್ಕನ್ನು. ಅತಿಯಾಗಿ ಅಥವಾ ಬಹುಕಾಲ ಆಂಪ್ರೋಲಿಯಂ ಕೊಟ್ಟರೆ ಕೋಳಿಗೇ ಬಿ1 ಕೊರತೆಯಾಗಿ ಕುತ್ತಿಗೆ ಹಿಂದಕ್ಕೆ ಬಾಗಬಹುದು, ಆದ್ದರಿಂದ ಬಿ-ಕಾಂಪ್ಲೆಕ್ಸ್‌ಗೂ ಒಂದು ಸಮಯವಿದೆ. ಆದರೆ ಅದು ಔಷಧದ ಅವಧಿ ಮುಗಿದ ಮೇಲೆ.

ಯಾವ ಆಂಟಿಬಯೋಟಿಕ್ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಐಮೀರಿಯಾ ಬ್ಯಾಕ್ಟೀರಿಯಾ ಅಲ್ಲ. ಸಲ್ಫಾ ಗುಂಪಿನ ಕೆಲವು ಔಷಧಗಳನ್ನು ಬಿಟ್ಟರೆ, ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ಆಂಟಿಬಯೋಟಿಕ್‌ಗಳಿಂದ ಅದು ಸಾಯುವುದಿಲ್ಲ. ಮೇಲಾಗಿ ನಿಮ್ಮದು ಮೊಟ್ಟೆಯಿಡುವ ಹೇಂಟೆ. ಮೊಟ್ಟೆಯ ಹಳದಿ ಬಲಿಯಲು ಸುಮಾರು ಹತ್ತು ದಿನ ಬೇಕು, ಆ ದಿನಗಳಲ್ಲಿ ಕೊಟ್ಟ ಔಷಧದ ಅಂಶ ಹಳದಿಯಲ್ಲಿ ಉಳಿದು ನಿಮ್ಮ ಮಕ್ಕಳ ತಟ್ಟೆಗೆ ಬರಬಹುದು. ಮನುಷ್ಯರಿಗೆ ಕೊನೆಯ ಆಸರೆಯಾಗಿ ಉಳಿದಿರುವ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ಕನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸದಂತೆ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ನಾನು ಹೆಸರನ್ನೂ ಓದದೆ ಪುಡಿ ಸುರಿಯುತ್ತಿದ್ದದ್ದು ಅದೇ ತಿಂಗಳಿನಲ್ಲಿ.

ಇನ್ನೊಂದು ಸಂಶಯವನ್ನೂ ಹೇಳಲೇಬೇಕು. ನಿಮ್ಮ ಹೇಂಟೆಗೆ ಒಂದೂವರೆ ವರ್ಷ ಎಂದಿದ್ದೀರಿ. ರಕ್ತಭೇದಿ ಹೆಚ್ಚಾಗಿ ಮೂರರಿಂದ ಎಂಟು ವಾರದ ಮರಿಗಳಿಗೆ ಬರುವ ರೋಗ. ಅಂಗಳದಲ್ಲಿ ಬೆಳೆದ ದೊಡ್ಡ ಕೋಳಿಗಳಿಗೆ ಸ್ವಲ್ಪ ನಿರೋಧಕ ಶಕ್ತಿ ಬಂದಿರುತ್ತದೆ, ನಮ್ಮ ಅಮ್ಮನ ಎರಡು ಹೇಂಟೆಗಳೂ ಆ ಮಳೆಗಾಲವನ್ನು ದಾಟಿದವು. ಕುರುಡುಗರುಳಿನಿಂದ ಆಗಾಗ ಬರುವ, ಅಂಟಾದ, ಕಡುಕಂದು ಬಣ್ಣದ, ದುರ್ವಾಸನೆಯ ಹಿಕ್ಕೆ ಆರೋಗ್ಯವಂತ ಕೋಳಿಯಲ್ಲೂ ಇರುತ್ತದೆ, ಅದನ್ನು ಕಂಡು ರಕ್ತವೆಂದು ಹೆದರಿದವರನ್ನು ನಾನು ಬಲ್ಲೆ. ಹಿಕ್ಕೆ ಹಸಿರಾಗಿದ್ದು, ಕೋಳಿ ಬಾಯಿ ತೆರೆದು ಉಸಿರೆಳೆಯುತ್ತಾ ಕುತ್ತಿಗೆ ತಿರುಚುತ್ತಿದ್ದರೆ ಅದು ಕೊಕ್ಕರೆ ರೋಗವಿರಬಹುದು. ಅದು ವೈರಸ್ಸಿನಿಂದ ಬರುವುದು, ಅದಕ್ಕೆ ಮುಂಚಿತವಾಗಿ ಹಾಕಿಸುವ ಲಸಿಕೆಯಲ್ಲದೆ ಬೇರೆ ಔಷಧವಿಲ್ಲ. ಕೋಳಿಯನ್ನು ಮುಟ್ಟಿ ಜ್ವರವಿದೆ ಎಂದು ತೀರ್ಮಾನಿಸುವುದೂ ಬೇಡ. ಕೋಳಿಯ ಸಹಜ ಉಷ್ಣತೆಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ.

ರಕ್ತಭೇದಿಯೆಂದು ಖಚಿತವಾದರೆ ಔಷಧ ಒಂದು ಕೋಳಿಗಲ್ಲ, ಗೂಡಿನ ಎಲ್ಲ ಕೋಳಿಗಳಿಗೂ ಬೇಕು. ಪರಾವಲಂಬಿ ಹೊಟ್ಟೆ ಸೇರಿ ನಾಲ್ಕೈದು ದಿನಗಳಾದ ಮೇಲೆಯೇ ರಕ್ತ ಕಾಣಿಸುವುದು, ಆಂಪ್ರೋಲಿಯಂ ಚೆನ್ನಾಗಿ ಹಿಡಿಯುವುದು ಅದಕ್ಕೂ ಮುಂಚಿನ ಹಂತವನ್ನು. ಆದ್ದರಿಂದ ಇನ್ನೂ ಮೇಯುತ್ತಾ ಓಡಾಡುತ್ತಿರುವ ಉಳಿದ ಕೋಳಿಗಳಿಗೆ ಅದರ ಪ್ರಯೋಜನ ಹೆಚ್ಚು. ಶೇಕಡಾ 20ರ ಪುಡಿಯಾದರೆ ಸಾಮಾನ್ಯ ಪ್ರಮಾಣ ಲೀಟರ್ ನೀರಿಗೆ 0.6 ಗ್ರಾಂ, ರೋಗ ತೀವ್ರವಾಗಿದ್ದರೆ 1.2 ಗ್ರಾಂ, ಹೀಗೆ ಮೂರರಿಂದ ಐದು ದಿನ, ಆಮೇಲೆ 0.3 ಗ್ರಾಂನಂತೆ ಒಂದೆರಡು ವಾರ. ಪೊಟ್ಟಣದ ಮೇಲಿನ ಶೇಕಡಾವಾರು ಬೇರೆಯಾಗಿದ್ದರೆ ಈ ಲೆಕ್ಕವೂ ಬದಲಾಗುತ್ತದೆ, ಅದನ್ನು ವೈದ್ಯರಿಗೆ ತೋರಿಸಿಯೇ ಬೆರೆಸಿ. ಚಮಚದ ಅಳತೆಯನ್ನು ನಂಬಬೇಡಿ, ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬಳಸಿ. ನೀರನ್ನು ದಿನವೂ ಹೊಸದಾಗಿ ಬೆರೆಸಿ, ಅಷ್ಟು ದಿನ ಕೋಳಿಗಳನ್ನು ಹೊರಗೆ ಬಿಡಬೇಡಿ. ಸೂರಿನ ನೀರು ಕುಡಿದ ಕೋಳಿ ಬಟ್ಟಲಿನ ನೀರನ್ನು ಮುಟ್ಟುವುದಿಲ್ಲ. ತಾನಾಗಿ ಕುಡಿಯಲಾರದ ಕೋಳಿಗೆ ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ತಾಗಿಸಿ, ಒಳಕ್ಕೆ ಹೊಯ್ಯಬೇಡಿ, ಏಕೆಂದರೆ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ಇದ್ದು ನೀರು ನೇರವಾಗಿ ಅದರೊಳಗೆ ಇಳಿಯುತ್ತದೆ.

ಒದ್ದೆ ಹೊಟ್ಟನ್ನು ಇವತ್ತೇ ಪೂರ್ತಿ ತೆಗೆದು ದೂರ ಹಾಕಿ. ಹಿಕ್ಕೆಯಲ್ಲಿ ಹೊರಬಿದ್ದ ಪರಾವಲಂಬಿಯ ಕೋಶಗಳು ತೇವ ಮತ್ತು ಬೆಚ್ಚಗಿನ ವಾತಾವರಣದಲ್ಲಿ ಒಂದೆರಡು ದಿನಗಳಲ್ಲೇ ರೋಗ ಹರಡಲು ಸಿದ್ಧವಾಗುತ್ತವೆ, ಫಿನಾಯಿಲ್‌ಗೆ ಅವು ಜಗ್ಗುವುದಿಲ್ಲ. ನೆಲವನ್ನು ಕೆರೆದು, ಕುದಿಯುವ ನೀರು ಹೊಯ್ದು, ಒಣಗಿಸಿ ಹೊಸ ಹೊಟ್ಟು ಹಾಸಿ.

ಮುನ್ನೂರು ರೂಪಾಯಿಯ ಕೋಳಿಗೆ ವೈದ್ಯರೇಕೆ ಎಂದು ನಿಮ್ಮ ಮನೆಯಲ್ಲಿ ಹೇಳುತ್ತಿರುವುದಾಗಿ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಅದೇ ಮಾತಿತ್ತು, ನಾನು ಸತ್ತ ಮರಿಯನ್ನು ಹೊತ್ತೊಯ್ದದ್ದು ಆ ಮಾತನ್ನು ಒಪ್ಪಿಕೊಂಡಿದ್ದರಿಂದಲೇ. ನೀವು ಬದುಕಿರುವ ಕೋಳಿಯ ಹಿಕ್ಕೆಯನ್ನು ಒಯ್ಯಿರಿ. ನಾಳೆ ಬೆಳಿಗ್ಗೆ ಗೂಡಿನಲ್ಲಿ ಕಾಗದ ಹಾಸಿ, ಅದರ ಮೇಲೆ ಬಿದ್ದ ಹೊಸ ಹಿಕ್ಕೆಯನ್ನು ಮುಚ್ಚಳವಿರುವ ಸಣ್ಣ ಡಬ್ಬಿಗೆ ತುಂಬಿ, ಈಗ ಕೊಡುತ್ತಿರುವ ಪುಡಿಯ ಪೊಟ್ಟಣ ಮತ್ತು ಟಾನಿಕ್ಕಿನ ಬಾಟಲಿ ಎರಡನ್ನೂ ಹಿಡಿದುಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಐಮೀರಿಯಾ ಇದೆಯೋ ಇಲ್ಲವೋ ಬೇಗನೆ ತಿಳಿಯುತ್ತದೆ. ಅಲ್ಲಿ ಆ ಅನುಕೂಲವಿಲ್ಲದಿದ್ದರೆ ಮಾದರಿಯನ್ನು ಎಲ್ಲಿಗೆ ಕಳುಹಿಸಬೇಕೆಂದು ಅವರೇ ಹೇಳುತ್ತಾರೆ.